ಕಾವಲಿನಲ್ಲಿ ನನ್ನದೇ ದನಿ

ನಂಬುವುದು ಬಿಡುವುದು ನಿಮಗೆ ಸೇರಿದ್ದು. ನಂಬಿಸಲೇಬೇಕೆಂಬ ಹಟ ನನಗಿಲ್ಲ, ನಾನೇ ಇನ್ನೂ ಪೂರ್ತಿ ನಂಬಿಲ್ಲ. ಆದರೆ ನಡೆದದ್ದು ನಡೆದದ್ದೇ. ನನ್ನ ಜೊತೆ ಇದ್ದವರೆಲ್ಲ ಬದುಕಿದ್ದಾರೆ, ಬೇಕಾದರೆ ಬಂದು ಕೇಳಿ.

ನಾನು ಅಜ್ಜಂಪುರದ ಕಡೆಯ ಒಂದು ಹಳ್ಳಿಯಲ್ಲಿ ಸರ್ಕಾರಿ ನರ್ಸು. ತವರು ಬೀರೂರು. ಅಪ್ಪ ರೈಲ್ವೆ ಗ್ಯಾಂಗ್‌ಮನ್, ಕತ್ತಲಲ್ಲಿ ಒಬ್ಬರೇ ಹಳಿ ನೋಡುತ್ತ ನಡೆದವರು. ನಮ್ಮ ಮನೆಯಲ್ಲಿ ಬುದ್ಧನ ಫೋಟೋ ಇತ್ತೇ ಹೊರತು ದೆವ್ವದ ಮಾತಿಗೆ ಜಾಗವೇ ಇರಲಿಲ್ಲ. ನನ್ನ ಬಾಯಿ ಸ್ವಲ್ಪ ಜೋರು. ಊರಿನಲ್ಲಿ ಮಕ್ಕಳು ಊಟ ಮಾಡದಿದ್ದರೆ ತಾಯಂದಿರು ನನ್ನ ಹೆಸರು ಹೇಳಿಯೇ ಹೆದರಿಸುತ್ತಾರೆ.

ಊರಾಚೆ ಕಾವಲು, ದನಕುರಿ ಮೇಯಲು ಬಿಟ್ಟ ಬಯಲು. ಕಣ್ಣು ಹಾಯಿಸಿದಷ್ಟು ದೂರ ಒಣಹುಲ್ಲು, ಅಲ್ಲಲ್ಲಿ ಜಾಲಿ. ಕುರಿ ಮೇಯಿಸುವವರಿಗೆ ಅಲ್ಲಿ ಹಾವಿನ ಕಾಟ. ಅದಕ್ಕೇ ಹಾಲಿನ ಡೈರಿಯ ಮುಂದೆ ಎಲ್ಲರನ್ನೂ ಕೂರಿಸಿ ಹೇಳಿಕೊಟ್ಟಿದ್ದೆ. ಹಾವು ಕಚ್ಚಿದರೆ ಕಟ್ಟಬೇಡಿ, ಕೊಯ್ಯಬೇಡಿ, ಮುಖ್ಯವಾಗಿ ನಡೆಯಬೇಡಿ. ಬಿದ್ದಲ್ಲೇ ಮಲಗಿ, ನಾವು ಹೊತ್ತುಕೊಂಡು ಬರುತ್ತೇವೆ. ನಡೆದಷ್ಟೂ ವಿಷ ಬೇಗ ಏರುತ್ತದೆ.

ಆ ದಿನ ಕತ್ತಲಾದ ಮೇಲೆ ಶಾಂತಮ್ಮ ಓಡಿ ಬಂದಳು. ಅವಳ ಗಂಡ ಮರುಳಪ್ಪ ಕುರಿ ಮೇಯಿಸಲು ಹೋದವನು. ಕುರಿಗಳು ಮಾತ್ರ ತಾವಾಗಿಯೇ ಮನೆ ಸೇರಿದ್ದವು.

"ಫೋನ್ ಮಾಡಿದ್ರು ಸಿಸ್ಟರಮ್ಮ... ಕೊಳಕುಮಂಡಲ ಕಚ್ಚೈತೆ, ಹಳ್ಳದ ಹತ್ರ ಬಿದ್ದಿದೀನಿ ಅಂದ್ರು. ಅಷ್ಟರಲ್ಲಿ ಕಟ್ ಆಗೋಯ್ತು. ಈಗ ಸ್ವಿಚಾಫ್ ಬತ್ತೈತೆ."

ಆಂಬುಲೆನ್ಸಿಗೆ ಹೇಳಿದೆ. ಅದು ಟಾರು ರಸ್ತೆಯವರೆಗೆ ಮಾತ್ರ ಬರಬಲ್ಲದು, ಮುಂದಿನದು ನಮ್ಮ ಕಾಲಿನ ಕೆಲಸ. ಶಾಂತಮ್ಮ, ಅವಳ ಅಣ್ಣ ಬಸಣ್ಣ, ಪಕ್ಕದ ಮನೆಯ ಇಬ್ಬರು ಗಂಡಸರು, ಒಂದು ಕಂಬಳಿ, ಎರಡು ಬಿದಿರು ಗಳ. ಹೊರಟೆವು.

ಚಳಿ ಕೊರೆಯುತ್ತಿತ್ತು. ಕಾಲಡಿಯಲ್ಲಿ ಹುಲ್ಲು ಚರಚರ... ಅದು ಬಿಟ್ಟರೆ ಒಂದು ಹುಳದ ಸದ್ದೂ ಇಲ್ಲ. ಹಳ್ಳ ಒಂದೇ ಕಡೆ ಇಲ್ಲ, ಇಡೀ ಕಾವಲನ್ನು ಸುತ್ತಿಕೊಂಡು ಹರಿದಿದೆ. ಎಲ್ಲಿ ಅಂತ ಹುಡುಕುವುದು? ಇವರೋ ಬಾಯಿ ಬಿಡದೆ ಟಾರ್ಚ್ ಬೀಸುತ್ತಿದ್ದರು.

"ಕೂಗ್ರೀ ಬಸಣ್ಣ, ಬಾಯಲ್ಲೇನು ಅವಲಕ್ಕಿ ಇಟ್ಕೊಂಡಿದೀರಾ?"

"ಕತ್ತಲಾದ್ಮೇಲೆ ಕಾವಲಲ್ಲಿ ಹೆಸ್ರಿಡಿದು ಕರೀಬಾರ್ದು ಸಿಸ್ಟರಮ್ಮ," ಎಂದ ಬಸಣ್ಣ, ತೀರ ಮೆಲ್ಲಗೆ. "ಕರೆದ್ರೂ ಯಾರೂ ಓಗೊಡಲ್ಲ. ಓಗೊಟ್ಟೋರ್ನ ಅದು ಕರ್ಕೊಂಡೋಗ್ತೈತೆ."

ನನಗೆ ಮೈಯೆಲ್ಲ ಉರಿದುಹೋಯಿತು. ಅಲ್ಲೊಬ್ಬ ಸಾಯುತ್ತಿದ್ದಾನೆ, ಇಲ್ಲಿ ಇವರ ಕಟ್ಟುಕತೆ! ಗಂಟಲು ಹರಿಯುವಂತೆ ನಾನೇ ಕೂಗಿದೆ. "ಮರುಳಪ್ಪಾ... ಎಲ್ಲಿದೀಯೋ?"

ಮತ್ತೆ ಕೂಗಿದೆ. ಗಾಳಿ ಕೂಡ ನಿಂತ ಹಾಗಿತ್ತು.

ಉಸಿರು ಎಳೆದುಕೊಳ್ಳಲು ನಿಂತೆ. ಆಗ ಕೇಳಿಸಿತು... ದೂರದಲ್ಲಿ, ಹಳ್ಳದ ಆಚೆ.

"ಮರುಳಪ್ಪಾ... ಎದ್ದು ಬಾರೋ..."

ಹೆಂಗಸಿನ ದನಿ. ಶಾಂತಮ್ಮ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಸಿಸ್ಟರಮ್ಮ, ಅದು... ನಿಮ್ಮ ದನಿ ಅಲ್ವಾ?"

ಪ್ರತಿಧ್ವನಿ ಎಂದುಕೊಂಡೆ. ಆದರೆ ಆ ಬಯಲಲ್ಲಿ ಪ್ರತಿಧ್ವನಿ ಕೊಡುವ ಒಂದು ಗುಡ್ಡವೂ ಇಲ್ಲ. ಅಲ್ಲದೆ 'ಎದ್ದು ಬಾ' ಎಂದು ನಾನು ಹೇಳಿರಲೇ ಇಲ್ಲ.

"ನಡ್ಕೊಂಡು ಬಾರೋ... ಇಲ್ಲೇ ಇದೀನಿ..." ಈ ಸಲ ಇನ್ನೊಂದು ದಿಕ್ಕಿನಿಂದ ಬಂತು. ಅದರ ಜೊತೆಗೇ ಒದ್ದೆಯಾದ ಹಳೇ ಉಣ್ಣೆಯ ಕಮಟು ವಾಸನೆ. ಗಂಡಸರು ನಿಂತುಬಿಟ್ಟರು. ಹೊರಟುಹೋಗೋಣ ಎಂದು ಯಾರೋ ಪಿಸುಗುಟ್ಟಿದರು.

ಹೆದರಿಕೆ ಆಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಅದಕ್ಕಿಂತ ಹೆಚ್ಚು ಬಂದದ್ದು ಸಿಟ್ಟು. ಅವನನ್ನು ಎಬ್ಬಿಸಿ ನಡೆಸಲು ನೋಡುತ್ತಿದೆಯಲ್ಲ, ಅದೂ ನನ್ನ ದನಿಯಲ್ಲಿ! ಹಾಗೆ ಕರೆಯುತ್ತಿದೆ ಎಂದರೆ ಅವನಿನ್ನೂ ಬದುಕಿದ್ದಾನೆ. ಕೇಳಿಸಿಕೊಂಡೂ ಹೆದರಿ ಬಾಯಿ ಮುಚ್ಚಿಕೊಂಡು ಬಿದ್ದಿದ್ದಾನೆ.

"ಲೇ ಮರುಳಪ್ಪ!" ಕಿರುಚಿದೆ. "ಎದ್ದೀಯಾ ಅಂದ್ರೆ ಕಾಲು ಮುರಿದುಬಿಡ್ತೀನಿ! ಅಲ್ಲಾಡ್ಬೇಡ! ಡೈರಿ ಮುಂದೆ ಬಾಯಿ ಬಡ್ಕೊಂಡಿದ್ದು ಯಾರಿಗೋಸ್ಕರ? ಬಿದ್ದಲ್ಲೇ ಬಿದ್ದಿರು, ಬಾಯಿ ಮಾತ್ರ ಬಿಡು!"

ನಮ್ಮ ಎಡಗಡೆ, ಮಾತಾಡಿದರೆ ಕೇಳಿಸುವಷ್ಟು ಹತ್ತಿರದ ಜಾಲಿಯ ಮರೆಯಿಂದ ಸಣ್ಣ ದನಿ ಬಂತು.

"ಬೈಬ್ಯಾಡಿ ಸಿಸ್ಟರಮ್ಮ... ಇಲ್ಲೇ ಇದೀನಿ."

ಕಾಲು ಮೊಣಕಾಲಿನವರೆಗೆ ಊದಿತ್ತು. ವಸಡಿನಲ್ಲಿ ರಕ್ತ. ಪಾದದ ಮೇಲೆ ಕಟ್ಟಿದ್ದ ಕಪ್ಪು ದಾರ ಊತದಲ್ಲಿ ಹೂತುಹೋಗಿತ್ತು. ಚೀಲದಿಂದ ಕತ್ತರಿ ತೆಗೆದೆ. "ಅದು ಮಂತ್ರಿಸಿದ ದಾರ, ಇಲ್ಲಿ ಮಾತ್ರ ಬಿಚ್ಬ್ಯಾಡಿ," ಎಂದು ಶಾಂತಮ್ಮ ಅಂಗಲಾಚಿದಳು. ಬಿಟ್ಟಿದ್ದರೆ ಆ ದಾರವೇ ಕಾಲಿನ ರಕ್ತ ತಡೆಯುತ್ತಿತ್ತು. ಕತ್ತರಿಸಿ ಬಿಸಾಡಿದೆ. ಕಾಲು ಅಲುಗದಂತೆ ದಪ್ಪ ರಟ್ಟಿಟ್ಟು ಬಟ್ಟೆ ಸುತ್ತಿದೆ.

"ನಾ ಬಿದ್ದಾಗ್ಲಿಂದ ನೀವೇ ಕರೀತಿದ್ರಿ," ಎಂದ ಮರುಳಪ್ಪ. "ಫೋನಿಗೆ ಸಿಗ್ನಲ್ ಸಿಗೋಕ್ ಮುಂಚೆ, ಬೆಳಕಿದ್ದಾಗ್ಲೇ. ಎದ್ದು ಬಾ, ನಡ್ಕೊಂಡು ಬಾ ಅಂತ. ಎದ್ದೂಬಿಡ್ತಿದ್ದೆ... ಆದ್ರೆ ನಮ್ಮ ಸಿಸ್ಟರಮ್ಮ ನಡಿ ಅನ್ನಲ್ವಲ್ಲ ಅಂದ್ಕೊಂಡೆ."

ಬೆಳಕಿದ್ದಾಗ ನಾನು ತರೀಕೆರೆಯಲ್ಲಿ ಮೀಟಿಂಗಿನಲ್ಲಿದ್ದೆ. ಅದನ್ನು ಅವನಿಗೆ ಹೇಳಲಿಲ್ಲ.

ಕಂಬಳಿಯಲ್ಲಿ ಮಲಗಿಸಿ ಹೊತ್ತೆವು. ಗಳದ ಒಂದು ತುದಿ ನನ್ನ ಹೆಗಲಿಗೆ, ಇನ್ನು ಮೂರು ಗಂಡಸರಿಗೆ. ಶಾಂತಮ್ಮ ಟಾರ್ಚ್ ಹಿಡಿದು ಮುಂದೆ ನಡೆದಳು. ದೂರದಲ್ಲಿ ಆಂಬುಲೆನ್ಸಿನ ದೀಪ ಕಾಣಿಸಿದಾಗ ಜೀವ ಬಂದ ಹಾಗಾಯಿತು.

ಆಗ ಹಿಂದಿನಿಂದ... ಆ ಜಾಲಿಯ ಕಡೆಯಿಂದಲೇ...

"ಲೇ ಮರುಳಪ್ಪ! ಎದ್ದೀಯಾ ಅಂದ್ರೆ ಕಾಲು ಮುರಿದುಬಿಡ್ತೀನಿ! ಅಲ್ಲಾಡ್ಬೇಡ!"

ನನ್ನದೇ ಸಿಟ್ಟು, ನನ್ನದೇ ಏರಿಳಿತ, ಒಂದು ಅಕ್ಷರ ಹೆಚ್ಚುಕಮ್ಮಿ ಇಲ್ಲ. ಕಂಬಳಿಯೊಳಗಿಂದ ತಣ್ಣನೆಯ ಕೈಯೊಂದು ನನ್ನ ಮುಂಗೈ ಹಿಡಿದುಕೊಂಡಿತು. "ನೀವು ಇಲ್ಲೇ ಇದೀರಲ್ವಾ ಸಿಸ್ಟರಮ್ಮ?"

"ಇದೀನಿ ಕಣೋ. ಸುಮ್ನೆ ಮಲ್ಕೋ," ಎಂದೆ. ಆಮೇಲೆ ಆ ಕತ್ತಲಿಗೆ ಬೆನ್ನು ಹಾಕಿಯೇ ಕೂಗಿದೆ. "ಇವ್ನು ನನ್ನ ಪೇಷೆಂಟು! ಇವನ್ನ ಬೈಯೋದಿದ್ರೆ ನಾನು ಬೈತೀನಿ. ಹೋಗು!"

ಯಾರೂ ಹಿಂತಿರುಗಿ ನೋಡಲಿಲ್ಲ. ರಸ್ತೆ ಮುಟ್ಟುವವರೆಗೂ ಹಿಂದೆ ಹುಲ್ಲು ಚರಚರ ಎನ್ನುತ್ತಲೇ ಇತ್ತು.

ಮರುಳಪ್ಪ ಬದುಕಿದ. ವಿಷಕ್ಕೆ ಇಂಜೆಕ್ಷನ್ ಸಮಯಕ್ಕೆ ಸಿಕ್ಕಿತು, ನಡೆಯದೆ ಮಲಗಿದ್ದೂ ಒಳ್ಳೆಯದಾಯಿತು ಎಂದರು ಡಾಕ್ಟರು. ಈಗ ಮತ್ತೆ ಅದೇ ಕಾವಲಿಗೆ ಕುರಿ ಹೊಡೆಯುತ್ತಾನೆ.

ಮೊನ್ನೆ ಡೈರಿಯ ಮುಂದೆ ಮತ್ತೆ ಪಾಠ ಮಾಡಿದೆ. ಮಲಗಿ, ಅಲ್ಲಾಡಬೇಡಿ. ಯಾರು ಕರೆದರೂ, ಬೈದರೂ ನಂಬಬೇಡಿ, ನಾನು ಬಂದು ಮೈ ಮುಟ್ಟುವವರೆಗೂ ಏಳಬೇಡಿ ಎಂದೆ. ಎಲ್ಲರೂ ತಲೆಯಾಡಿಸಿದರು. ಶಾಂತಮ್ಮ ಮಾತ್ರ ಮೆಲ್ಲಗೆ ಕೇಳಿದಳು.

"ಮುಟ್ಟೋದನ್ನೂ ಅದು ಕಲ್ತಿದ್ರೆ ಸಿಸ್ಟರಮ್ಮ?"

ಕಲಿತರೆ ಕಲಿಯಲಿ. ಫೋನ್ ಬಂದರೆ ನಾನಂತೂ ಹೋಗುವವಳೇ, ಮೊನ್ನೆ ಮೊನ್ನೆಯೂ ಹೋಗಿದ್ದೇನೆ. ಆದರೆ ಕತ್ತಲಲ್ಲಿ ಯಾರದೋ ಹೆಸರು ಹಿಡಿದು ಕೂಗಲು ಬಾಯಿ ತೆರೆದಾಗ ಒಂದು ಗಳಿಗೆ ತಡೆಯುತ್ತೇನೆ. ನನಗಿಂತ ಮೊದಲೇ ನಾನು ಕರೆದುಬಿಟ್ಟಿದ್ದೇನೋ ಎಂದು ಕಿವಿಗೊಟ್ಟು ಕೇಳುತ್ತೇನೆ.