ಹಾಲುಕ್ಕುವ ಹೊತ್ತು

ಕತಾರಿನ ದೋಹಾದ ಪಕ್ಕ ಅಲ್ ರಯ್ಯಾನಿನಲ್ಲಿ ನಾವಿದ್ದ ವಿಲ್ಲಾವನ್ನು ಪ್ಲೈವುಡ್ ಗೋಡೆ ಹಾಕಿ ತುಂಡು ಮಾಡಿದ್ದರು. ಒಂದು ಕೋಣೆ ನಮಗೆ, ಪಕ್ಕದ್ದು ನಮ್ಮಂತೆ ಮಂಗಳೂರಿನದೇ ಇನ್ನೊಂದು ಜೋಡಿಗೆ, ಅಡುಗೆಮನೆ ಇಬ್ಬರಿಗೂ. ಆ ಜೋಡಿಯ ಹುಡುಗಿ ನನಗಿಂತ ಚಿಕ್ಕವಳು. ನಮ್ಮ ಗಂಡಂದಿರದು ಒಂದೇ ಕಂಪೆನಿ, ಒಂದೇ ಬಸ್ಸು. ಊರಿನಲ್ಲೊಂದು ಫ್ಲಾಟು ಮಾಡಬೇಕೆಂಬ ಆಸೆಯೂ ಒಂದೇ. ಆದರೆ ವರ್ಷವರ್ಷ ಇಲ್ಲಿನ ಬಾಡಿಗೆ ಏರಿತು, ಅಲ್ಲಿನ ಫ್ಲಾಟಿನ ಬೆಲೆಯೂ ಏರಿತು. ಏರದೆ ಕೂತದ್ದು ಸಂಬಳ.

ಆದರೂ ಪಕ್ಕದ ಕೋಣೆಯವರು ಊರಿನಲ್ಲಿ ಫ್ಲಾಟು ಕೊಂಡರು. ಅವಳ ಅಪ್ಪ ದುಡ್ಡು ಕೊಟ್ಟು ಕೈ ಹಿಡಿದರಂತೆ. ನಮಗೆ ಹಾಗೆ ಹಿಡಿಯುವ ಕೈ ಇರಲಿಲ್ಲ. ಅವಳು ಬ್ರೋಷರ್ ತಂದು ಬಿಡಿಸಿದಳು.

"ನೋಡಿ ಅಕ್ಕ, ಬಾಲ್ಕನಿಯಿಂದ ಸಮುದ್ರ ಕಾಣ್ತದಂತೆ."

"ಒಳ್ಳೇದಾಯ್ತು," ಎಂದೆ. ಹೊಟ್ಟೆ ಉರಿಯಿತು, ಮುಚ್ಚಿಡುವುದೇನು. ಆ ವಾರವೆಲ್ಲ ಅವಳು ಪಾತ್ರೆ ಇಟ್ಟ ಸದ್ದಿಗೂ ನನಗೆ ಸಿಟ್ಟು ಬರುತ್ತಿತ್ತು.

ಗೃಹಪ್ರವೇಶಕ್ಕೆ ಅವರಿಗೆ ರಜೆ ಸಿಗಲಿಲ್ಲ. ಊರಿನಲ್ಲಿ ಅವಳ ಅತ್ತೆ ಪೂಜೆ ಮಾಡಿಸುವುದು, ಅದೇ ಮುಹೂರ್ತಕ್ಕೆ ಇಲ್ಲಿ ಇವಳು ಹಾಲುಕ್ಕಿಸುವುದು ಎಂದಾಯಿತು. ಶುಕ್ರವಾರ ಬೆಳಿಗ್ಗೆ ನಮ್ಮ ಜಿಡ್ಡು ಹಿಡಿದ ಒಲೆಗೆ ಅರಿಶಿನ ಕುಂಕುಮ ಹಚ್ಚಿ ಹಾಲಿಟ್ಟಳು. ಫೋನಿನಲ್ಲಿ ಭಟ್ಟರ ಮಂತ್ರ ಕೇಳುತ್ತಿತ್ತು. ಅಷ್ಟರಲ್ಲಿ ಲೈನು ಕಡಿಯಿತು.

"ಅಕ್ಕ, ಸ್ವಲ್ಪ ಹಾಲು ನೋಡಿಕೊಳ್ಳಿ, ಉಕ್ಕುವಾಗ ಕರೀರಿ," ಎಂದು ಸಿಗ್ನಲ್ ಹುಡುಕಿಕೊಂಡು ಅಂಗಳಕ್ಕೆ ಓಡಿದಳು.

ಪಾತ್ರೆಯ ಅಂಚಿನಲ್ಲಿ ನೊರೆ ಏಳುತ್ತಿತ್ತು. ನಾನು ಉರಿ ಸಣ್ಣ ಮಾಡಿದೆ. ಹಾಲು ಚೆಲ್ಲದಂತೆ ನೋಡುವುದು ದಿನದ ಅಭ್ಯಾಸ ಎನ್ನಬಹುದಿತ್ತು. ಸುಳ್ಳು. ಉಕ್ಕಬಾರದು ಎಂದೇ ಮಾಡಿದೆ. ನೊರೆ ಇಳಿಯಿತು, ನನಗೆ ಸಮಾಧಾನವಾಯಿತು.

"ಉಕ್ಕಿತಾ ಅಕ್ಕ?" ಎನ್ನುತ್ತಲೇ ಒಳಗೆ ಬಂದಳು.

"ಇಲ್ಲ. ಗ್ಯಾಸ್ ಮುಗೀತಾ ಬಂತೋ ಎಂತದೋ."

ಅವಳು ಬಗ್ಗಿ ನೋಡಿ ಉರಿ ದೊಡ್ಡದು ಮಾಡಿದಳು. ಭುಗ್ಗೆಂದಿತು. ನನ್ನ ಮುಖವನ್ನೊಮ್ಮೆ ನೋಡಿದಳು. ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು. ಮೊದಲ ಲೋಟ ನನಗೇ ಕೊಟ್ಟಳು.

"ನಿಮ್ಮದೂ ಬೇಗ ಆಗ್ಲಿ ಅಕ್ಕ."

ಬೇಗ ಆಗಲಿಲ್ಲ. ಎಷ್ಟೋ ವರ್ಷಗಳ ಮೇಲೆ ಊರಿನಲ್ಲಿ ನಮ್ಮದೂ ಒಂದು ಫ್ಲಾಟಾಯಿತು, ಸಮುದ್ರ ಕಾಣದ್ದು. ಗೃಹಪ್ರವೇಶಕ್ಕೆ ಅವಳೂ ಬಂದಿದ್ದಳು. ಒಲೆಯ ಮೇಲೆ ಹಾಲಿಟ್ಟದ್ದು ನೋಡಿ ಹತ್ತಿರ ಬಂದಳು.

"ನೀವು ಹೋಗಿ, ಬಂದವರನ್ನು ಮಾತಾಡಿಸಿ ಅಕ್ಕ, ಹಾಲು ನಾನು ನೋಡಿಕೊಳ್ತೇನೆ."

ಬೇಡ ಎಂದೆ. ಉಕ್ಕುವವರೆಗೂ ಒಲೆ ಬಿಟ್ಟು ಕದಲಲಿಲ್ಲ.