ಮಾಡು ನೋಡದ ಗಿರಾಕಿ

ಡಾರ್ಕಸ್ ಟೆಬಟ್ ಯಾರನ್ನೂ ಸುಲಭಕ್ಕೆ ನಂಬುವ ಹೆಂಗಸಲ್ಲ. ಲೇಸ್ ಹೆಣೆದು ಹೊಟ್ಟೆ ಹೊರೆಯುತ್ತಿದ್ದ ಆಕೆ, ನೂಲು ತರುವ ವ್ಯಾಪಾರಿಯ ಎದುರಿಗೇ ಎಳೆಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ನೋಡುವಳು. ಗಂಡ ಸತ್ತಾಗ, ಹೇಳಿದ ಮರವೇ ಹೌದೋ ಅಲ್ಲವೋ ಎಂದು ಶವಪೆಟ್ಟಿಗೆಯನ್ನು ಉಗುರಿನಿಂದ ಕೆರೆದವಳು. ಆಶ್ಕೋಟ್ ಹಳ್ಳಿಯಲ್ಲಿ ಅದನ್ನು ಹೇಳಿಕೊಂಡು ನಗದವರಿರಲಿಲ್ಲ.

ಇಂಥವಳ ಗುಡಿಸಲು ಕೊಳ್ಳಲು ಪೇಟೆಯ ಬಾರ್ಲಿ ವ್ಯಾಪಾರಿ ಜೆಫ್ಕಾಟ್ ಕುದುರೆಯೇರಿ ಬಂದ. ಹುಲ್ಲಿನ ಮಾಡು ಒಂದು ಮಗ್ಗುಲಿಗೆ ಕುಸಿದಿತ್ತು. ಮಣ್ಣಿನ ಗೋಡೆ ಬಸುರಿಯ ಹೊಟ್ಟೆಯಂತೆ ಉಬ್ಬಿತ್ತು. ಆತ ತಲೆಯೆತ್ತಿ ಅತ್ತ ನೋಡಲೂ ಇಲ್ಲ.

"ನೀವು ಹೇಳಿದ್ದೇ ಬೆಲೆ, ತಾಯಿ. ಬದುಕಿರೋವರ್ಗೂ ಇಲ್ಲೇ ಇರಿ, ಬಾಡಿಗೆ ಬೇಡ."

"ಮಳೆ ಬಂದ್ರೆ ಸೋರುತ್ತೆ, ಯಜಮಾನ್ರೆ."

"ಸೋರ್ಲಿ ಬಿಡಿ. ನಿಮ್ಮನೆ ಹಸು ಮೊದಲಿಂದ್ಲೂ ಗೋಮಾಳದಲ್ಲೇ ಮೇಯ್ತಿತ್ತಲ್ವಾ?"

"ಹೂಂ. ಅದ್ಯಾಕೀಗ?"

"ಸುಮ್ನೆ ಕೇಳ್ದೆ."

ಚೌಕಾಸಿಯಿಲ್ಲದ ವ್ಯಾಪಾರ ಅವಳ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತು. ನಿಧಿಗಿಧಿ ಇದೆಯೇನೋ ಎಂದು ಒಲೆಯ ಕಲ್ಲೆಬ್ಬಿಸಿ ನೋಡಿದಳು. ಸಿಕ್ಕಿದ್ದು ಇಲಿಯ ಗೂಡು.

ಅಷ್ಟರಲ್ಲಿ ಪಕ್ಕದ ಮನೆಯ ಚಮ್ಮಾರ ಆಬೆಲ್ ಗಿನ್ಸ್ ಕೆಂಡ ಕೇಳಲು ಬಂದ. "ಮಾರ್ಬಿಡಕ್ಕ. ನಾನೂ ನನ್ನ ಗುಡಿಸ್ಲನ್ನ ಅವ್ನಿಗೇ ಮಾರ್ದೆ. ಬಾಡಿಗೆ ಇಲ್ದೆ ಅಲ್ಲೇ ಇರು ಅಂದವ್ನೆ."

"ನನ್ನನ್ನ ಒಪ್ಸಿದ್ರೆ ನಿಂಗೆಷ್ಟು ದಲ್ಲಾಳಿ ದುಡ್ಡು?"

ಆಬೆಲ್‌ನ ಮುಖ ಸಣ್ಣದಾಯಿತು. "ನಿನ್ನ ಗಂಡನ ಹೆಣಕ್ಕೆ ಹೆಗಲು ಕೊಟ್ಟವ್ನಕ್ಕ ನಾನು" ಎಂದವನು ಕೆಂಡವನ್ನೂ ಒಯ್ಯದೆ ಹೊರಟುಹೋದ.

ಡಾರ್ಕಸ್ ಲೇಸ್ ಹೆಣೆಯುವ ದಿಂಬಿನ ಮುಂದೆ ಕುಳಿತಳು, ಕೈ ಓಡಲಿಲ್ಲ. ಎರಡೂ ಹಳೇ ಗುಡಿಸಲು. ಎರಡಕ್ಕೂ ಇದ್ದ ಬೆಲೆಬಾಳುವಂಥದ್ದು ಒಂದೇ: ಗೋಮಾಳದಲ್ಲಿ ದನ ಮೇಯಿಸುವ ಹಕ್ಕು. ಪಕ್ಕದೂರಿನ ಗೋಮಾಳಕ್ಕೆ ಬೇಲಿ ಬಿದ್ದು, ಹಕ್ಕಿದ್ದ ಮನೆಗಳಿಗೆಲ್ಲ ನೆಲ ಹಂಚಿದ್ದರೆಂದು ಸಂತೆಯಲ್ಲಿ ಕೇಳಿದ್ದಳು. ಹೌದೋ ಅಲ್ಲವೋ, ಪರೀಕ್ಷಿಸಿಯೇ ಬಿಡುವುದೆಂದುಕೊಂಡಳು.

ಜೆಫ್ಕಾಟ್ ಮತ್ತೆ ಬಂದಾಗ ಅಂದಳು: "ಮನೆ ತಗೊಳ್ಳಿ. ಹಸು ಮೇಯ್ಸೋ ಹಕ್ಕು ಮಾತ್ರ ನನ್ನ ಹೆಸರಲ್ಲೇ ಇರ್ಲಿ."

ಅವನ ನಗು ಇಂಗಿತು. ಆಗ ಮೊದಲ ಸಲ ತಲೆಯೆತ್ತಿ ಮಾಡು ನೋಡಿದ. "ಈ ಕೊಳೆತ ಗೂಡು ಯಾರಿಗ್ಬೇಕು?"

"ಈಗ ಬಂದ್ರಿ ದಾರಿಗೆ. ನಿಮ್ಗೆ ಬೇಕಿದ್ದದ್ದು ಹಕ್ಕು, ಮನೆಯಲ್ಲ. ಮಾರೋದಿಲ್ಲ ಹೋಗಿ" ಎಂದು ಡಾರ್ಕಸ್ ಬಾಗಿಲು ಮುಚ್ಚಿದಳು.

ಮರುವರ್ಷ ಆಶ್ಕೋಟಿನ ಗೋಮಾಳವನ್ನೂ ಹಂಚಲು ಸರಪಳಿ ಹಿಡಿದು ಅಳೆಯುವವರು ಬಂದರು. ಗೋಮಾಳದ ಒಳ್ಳೆಯ ನೆಲ ದೊಡ್ಡವರಿಗೆ ಹೋಯಿತು, ಕೊಂಡ ಗುಡಿಸಲುಗಳ ಹಕ್ಕಿನಿಂದ ಜೆಫ್ಕಾಟನಿಗೂ ಸಿಕ್ಕಿತು. ಡಾರ್ಕಸ್ ಪಾಲಿಗೆ ಬಂದದ್ದು ಹಳ್ಳದ ಬದಿಯ ಜೌಗು ತುಂಡು. ಬೇಲಿಯ ಖರ್ಚು ಅವಳದೇ. ಅದಕ್ಕಾಗಿ ಅರ್ಧ ಮಾರಿ, ಉಳಿದರ್ಧಕ್ಕೆ ಬೇಲಿ ಹಾಕಿಸಿದಳು. ಅಷ್ಟು ನೆಲದಲ್ಲಿ ಹಸು ಸಾಕಲಾಗಲಿಲ್ಲ. ಕೊಂಡವರು ಅದನ್ನು ಹೊಡೆದುಕೊಂಡು ಹೋದ ದಿನ ಅವಳು ಊಟ ಮಾಡಲಿಲ್ಲ.

ಜೆಫ್ಕಾಟ್ ಆಬೆಲ್‌ಗೆ ಕೊಟ್ಟ ಮಾತು ಬರೀ ಬಾಯಿಮಾತಾಗಿತ್ತು. ಅವನನ್ನು ಹೊರಗಟ್ಟಿದರು. ಉಳಿ, ಸುತ್ತಿಗೆಗಳನ್ನು ತಳ್ಳುಗಾಡಿಗೆ ತುಂಬಿಕೊಂಡು ಅವನು ಓಣಿಯಲ್ಲಿ ನಿಂತಿದ್ದಾಗ ಡಾರ್ಕಸ್ ಹತ್ತಿರ ಹೋದಳು.

"ಹಿಂದಿನ ಕೋಣೆ ಖಾಲಿ ಐತೆ."

"ದಲ್ಲಾಳಿಗೂ ಜಾಗ ಕೊಡ್ತೀಯೇನಕ್ಕ?"

ಡಾರ್ಕಸ್ ಗಾಡಿಯ ಹಿಡಿಯನ್ನು ತಾನೇ ಹಿಡಿದು ಮನೆಯತ್ತ ತಳ್ಳತೊಡಗಿದಳು. ಗಾಡಿಯಿಂದ ಉರುಳಿದ ಉಳಿಯೊಂದನ್ನು ಎತ್ತಿಕೊಂಡು ಆಬೆಲ್ ಹಿಂದೆ ಬಂದ.