ಒಂದು ಸಾಲು ತೋರಿಸಲು ಹೋಗಿ

ಆಫೀಸಿನಲ್ಲಿ ಅವಳಿಗೆ ಮೇಷ್ಟ್ರಮ್ಮ ಅಂತಲೇ ಹೆಸರು. ಕೆಟ್ಟು ಕೂತ ಪ್ರೋಗ್ರಾಮುಗಳನ್ನು ಡಿಬಗರು ಎಂಬ ತಪಾಸಣೆಯ ಸಾಧನದಲ್ಲಿ ತಡೆದು ನಿಲ್ಲಿಸಿ, ಹೊಟ್ಟೆಯೊಳಗೆ ಏನಾಗಿದೆಯೆಂದು ನೋಡುವುದು ಅವಳ ಕೆಲಸ. ನೋಡಿ ಸುಮ್ಮನಿರುವ ಜೀವವೇ ಅದು? ಪಕ್ಕದವರನ್ನು ಎಳೆದು ಕೂರಿಸಿಕೊಂಡು ತೋರಿಸಬೇಕು, ಅವರು "ಹೌದಲ್ಲ!" ಅನ್ನಬೇಕು. ಮಧ್ಯಾಹ್ನ ಅವಳೆದುರು ಕೂತರೆ ಊಟ ಆರಿಹೋಗುತ್ತದೆ ಎಂದು ಜೊತೆಯವರು ನಗುತ್ತಿದ್ದರು.

ಅವಳ ಅಣ್ಣ ಅಂಗಡಿಗಳಿಗೆ ಬೋರ್ಡು ಬರೆಯುವವನು. ಬೀದಿಯಲ್ಲಿ ಹೋಗುವವರು ನಿಂತು ನೋಡಬೇಕು, ಹಾಗಿತ್ತು ಅವನ ಅಕ್ಷರ. ಅಚ್ಚಿನ ಬ್ಯಾನರುಗಳು ಬಂದು ಅವನ ಬೋರ್ಡುಗಳೆಲ್ಲ ಗುಜರಿ ಸೇರಿದವು. ಆಗ ತಂಗಿಯ ಕಾಟ ತಡೆಯಲಾರದೆ, ಕಂಪ್ಯೂಟರಿನಲ್ಲೇ ಒಂದೊಂದು ಅಕ್ಷರ ಬಿಡಿಸಿ ಫಾಂಟು ಮಾಡಿದ. ಕೊನೆಯ ಒತ್ತಕ್ಷರ ಮುಗಿಯಿತೋ ಇಲ್ಲವೋ, ಲಕ್ವ ಹೊಡೆಯಿತು. ಬಲಗೈ ಉಳಿಯಿತು, ನಡುಕ ನಿಲ್ಲಲಿಲ್ಲ. ಇನ್ನು ಆ ಕೈ ಒಂದು ಸೊನ್ನೆಯನ್ನೂ ನೆಟ್ಟಗೆ ಬರೆಯಲಾರದು.

ಒಂದು ಬೆಳಿಗ್ಗೆ ಅವನ ಫೋನು ಬಂತು.

"ಪುಟ್ಟಿ, ಎಡವಟ್ಟು ಮಾಡ್ಕೊಂಡೆ ಕಣೆ. ಮಗಳ ಮದುವೆ ವಿಡಿಯೋ ಹಾಕೋಕೆ ಜಾಗ ಇರ್ಲಿಲ್ಲ. ಹಳೇದು ಅಂತ ಅಳಿಸ್ತಾ ಹೋದೆ, ಫಾಂಟೂ ಹೋಯ್ತು."

"ಬೇರೆ ಕಾಪಿ ಇದ್ಯಲ್ಲ?"

"ಅದನ್ನೂ ಅದ್ರ ಪಕ್ಕದಲ್ಲೇ ಇಟ್ಟಿದ್ದೆ. ಆದ್ರೆ ಇದೇನೇ, ನಾನು ಟೈಪ್ ಮಾಡಿದ್ದ ಒಂದು ಪದ ತೆರೆ ಮೇಲೆ ಇನ್ನೂ ನನ್ನ ಅಕ್ಷರದಲ್ಲೇ ಕಾಣ್ತಾ ಇದೆ!"

"ದಮ್ಮಯ್ಯ, ಏನನ್ನೂ ಮುಟ್ಬೇಡ. ಬಂದೆ."

ಓಡಿಬಂದು ಮಂಚದ ಮೇಲೆ ಲ್ಯಾಪ್‌ಟಾಪು ಇಟ್ಟುಕೊಂಡು ಕೂತಳು. ಅವನ ಕಂಪ್ಯೂಟರಿಗೆ ತಂತಿ ಚುಚ್ಚಿ, ಆ ಪದವನ್ನು ತೋರಿಸುತ್ತಿದ್ದ ಪ್ರೋಗ್ರಾಮನ್ನು ಡಿಬಗರಿನಲ್ಲಿ ನಿಲ್ಲಿಸಿ, ಅದರ ಮೆಮೊರಿಯ ಪಟ್ಟಿ ಕೇಳಿದಳು. ಎಲ್ಲಿಂದ ಎಲ್ಲಿಯವರೆಗಿನ ಜಾಗ ಯಾವ ಫೈಲಿನದು ಎಂದು ಸಾಲು ಸಾಲಾಗಿ ಬಂತು. ನಡುವೆ ಅಣ್ಣನ ಫಾಂಟು. ಮುಂದೆ 'ಅಳಿಸಲಾಗಿದೆ' ಎಂಬ ಗುರುತು.

ಆ ಜಾಗವನ್ನು ನಕಲು ಮಾಡಿ ಫಾಂಟನ್ನು ಉಳಿಸಲು ಒಂದು ಸಾಲು ಟೈಪಿಸಿದರೆ ಸಾಕಿತ್ತು. ಮೊದಲು ನಕಲು ಮಾಡಿ ಆಮೇಲೆ ಪಾಠ ಹೇಳಿದ್ದರೆ ಇವಳ ಗಂಟೇನು ಹೋಗುತ್ತಿತ್ತೋ! ಹುಟ್ಟುಗುಣ ಸುಟ್ಟರೂ ಹೋಗದು.

"ನೋಡಣ್ಣ, ಈ ಸಾಲು ನಿಂದು," ಎಂದು ಲ್ಯಾಪ್‌ಟಾಪನ್ನು ಅವನತ್ತ ತಿರುಗಿಸಿದಳು. "ನೀನು ಬೋರ್ಡು ಕಿತ್ತಾಕಿದೀಯ ಅಷ್ಟೆ, ಅಂಗಡಿ ಇನ್ನೂ ಇದೆ. ಈ ಪ್ರೋಗ್ರಾಮು ಇದನ್ನ ಹಿಡ್ಕೊಂಡಿರೋವರೆಗೂ ಫೈಲು ಸಾಯಲ್ಲ."

"ಹೌದಲ್ಲೇ! ನಾನಿಟ್ಟ ಹೆಸರೇ ಇದೆ!" ಲಕ್ವ ಹೊಡೆದ ಮೇಲೆ ಅವನು ಹೀಗೆ ನಕ್ಕಿದ್ದನ್ನು ಅವಳು ನೋಡಿರಲಿಲ್ಲ. ಇನ್ನಷ್ಟು ಹೇಳಿದಳು. ಅಷ್ಟರಲ್ಲಿ ಅವನ ಕಂಪ್ಯೂಟರಿನ ತೆರೆಯ ಮೇಲೆ ಒಂದು ಪ್ರಶ್ನೆ ಮೂಡಿತು: ಪ್ರೋಗ್ರಾಮು ಉತ್ತರಿಸುತ್ತಿಲ್ಲ. ಮುಚ್ಚಲೆ, ಕಾಯಲೆ?

"ಇಲ್ಲೇನೋ ಕೇಳ್ತಾ ಇದೆ ಕಣೆ."

"ನಾನು ನಿಲ್ಸಿದೀನಲ್ಲ, ಅದಕ್ಕೆ ಗಾಬರಿ ಬಿದ್ದಿದೆ. 'ಕಾಯಿ' ಅಂತ ಒತ್ಬೇಕು." ಏಳಲು ಹೊರಟಳು.

"ಕೂತ್ಕೊ. ಅಷ್ಟಾದ್ರೂ ನಂಗೆ ಬಿಡು."

ಎಷ್ಟೋ ತಿಂಗಳಿಂದ ಮನೆಯಲ್ಲಿ ಯಾರೂ ಅವನಿಗೆ ಒಂದು ಕೆಲಸ ಹೇಳಿರಲಿಲ್ಲ. ಅವಳು ಮತ್ತೆ ಕೂತಳು. ಬಾಣದ ಗುರುತು ಎರಡು ಗುಂಡಿಗಳ ನಡುವೆ ಒಮ್ಮೆ ಅಲ್ಲಿ, ಒಮ್ಮೆ ಇಲ್ಲಿ ಅಲೆಯಿತು. ಅವನು ಹಲ್ಲು ಕಚ್ಚಿ ಒತ್ತಿದ.

ಆ ಪದದ ಸಮೇತ ಪ್ರೋಗ್ರಾಮಿನ ಕಿಟಕಿ ತೆರೆಯಿಂದ ಮಾಯವಾಯಿತು. ಅವಳು ಪಟ್ಟಿಯನ್ನು ಮತ್ತೆ ಕೇಳಿದಳು. ಅಂಥ ಪ್ರೋಗ್ರಾಮೇ ಇಲ್ಲ ಎಂದಿತು ಡಿಬಗರು.

"ಕಾಯಿ ಅಂತಾನೇ ಒತ್ತಿದೆ ಕಣೆ," ಎಂದ ಅಣ್ಣ. "ಯಾಕೆ ಹೋಯ್ತು?"

"ಗೊತ್ತಿಲ್ಲಣ್ಣ."

ಸಂಜೆಯವರೆಗೂ ಅವನ ಡಿಸ್ಕನ್ನು ಜಾಲಾಡಿದಳು. ಮದುವೆಯ ವಿಡಿಯೋ ಬಿಟ್ಟರೆ ಏನೂ ಸಿಗಲಿಲ್ಲ. ತಂತಿ ಸುತ್ತಿಕೊಳ್ಳುತ್ತಿದ್ದ ತಂಗಿಯ ಮುಖವನ್ನೇ ಅಣ್ಣ ನೋಡುತ್ತಿದ್ದ.

"ನಿನ್ನ ಬಾಯಲ್ಲಿ ಗೊತ್ತಿಲ್ಲ ಅನ್ನೋ ಮಾತು ನಾನು ಇವತ್ತೇ ಕೇಳಿದ್ದು ಪುಟ್ಟಿ," ಎಂದು, ಬಲಗೈಯನ್ನು ತೊಡೆಯ ಕೆಳಗೆ ಅದುಮಿಕೊಂಡು ಕೂತ.